ಕಾಯುವವನ ಕಸುಬು

ಬೆಂಗಳೂರಿನ ದಂಡು ಪ್ರದೇಶದ ಯಾವ ಹಳೆಯ ಫುಟ್‌ಬಾಲ್ ಮೈದಾನಕ್ಕೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗೋಲುಗಂಬಗಳ ನಡುವಿನ ನೆಲಕ್ಕೆ. ಉಳಿದ ಕಡೆ ಅಲ್ಲೊಂದು ಇಲ್ಲೊಂದು ಹುಲ್ಲಿನ ತೇಪೆ ಕಂಡರೂ ಅಲ್ಲಿ ಮಾತ್ರ ಬರೀ ಮಣ್ಣು. ಇಪ್ಪತ್ತು ಜನ ಓಡಾಡಿದ ಜಾಗದಲ್ಲಿ ಹುಲ್ಲು ಹೇಗೋ ಬದುಕಿಕೊಳ್ಳುತ್ತದೆ. ಒಬ್ಬನೇ ನಿಂತ ಜಾಗದಲ್ಲಿ ಬದುಕುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಂಥ ಮಣ್ಣಿನ ಮೇಲೆ ಹದಿಮೂರೋ ಹದಿನಾಲ್ಕೋ ವಯಸ್ಸಿನ ಹುಡುಗನೊಬ್ಬ ನಿಂತಿದ್ದ. ಅವನ ಗ್ಲೌಸಿನ ಅಂಗೈಯಲ್ಲಿದ್ದ ರಬ್ಬರಿನ ಸ್ಪಂಜು ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು. ಆಟ ಶುರುವಾಗುವ ಮುಂಚೆ ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು ಎರಡೂ ಕೈ ಉಜ್ಜಿದ. ಸ್ಪಂಜು ಒದ್ದೆಯಾದರೆ ಚೆಂಡು ಅಂಟುತ್ತದೆ, ಒಣಗಿದರೆ ಜಾರುತ್ತದೆ. ಆಮೇಲಿನ ಹದಿನೈದು ಇಪ್ಪತ್ತು ನಿಮಿಷ ಚೆಂಡು ಅವನ ಕಡೆ ಬರಲೇ ಇಲ್ಲ. ಆದರೂ ಅವನು ಸುಮ್ಮನೆ ನಿಲ್ಲಲಿಲ್ಲ. ಚೆಂಡು ಎಡಕ್ಕೆ ಹೋದರೆ ಎರಡು ಹೆಜ್ಜೆ ಎಡಕ್ಕೆ, ಬಲಕ್ಕೆ ಹೋದರೆ ಎರಡು ಹೆಜ್ಜೆ ಬಲಕ್ಕೆ. ‘ಹಿಂದೆ ಒಬ್ಬ ಇದಾನೆ ನೋಡೋ’, ‘ಹೊರಗೆ ಹೊಡಿ, ಹೊರಗೆ ಹೊಡಿ’ ಎಂದು ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದ. ಕಡೆಗೊಮ್ಮೆ ಚೆಂಡು ಬಂತು. ಮುಂದೆ ಪುಟಿದು, ಅವನ ಮೊಣಕೈ ಕೆಳಗಿನಿಂದ ನುಸುಳಿ ಒಳಗೆ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಅವನೇ ತಿರುಗಿ, ಬಲೆಯೊಳಗೆ ಬಗ್ಗಿ, ಚೆಂಡನ್ನು ಎತ್ತಿಕೊಂಡು ಬಂದು ನಡುಗೆರೆಯ ಕಡೆ ಎಸೆದ. ಗೋಲಾದ ಚೆಂಡನ್ನು ಎತ್ತಿ ತರುವುದೂ ಅವನದೇ ಕೆಲಸ.

ಈ ಕಸುಬಿಗೆ ಕನ್ನಡದಲ್ಲಿ ಹೇಳಿ ಮಾಡಿಸಿದಂಥ ಒಂದು ಕ್ರಿಯಾಪದವಿದೆ. ಹೊಲ ಕಾಯುತ್ತೇವೆ, ಕುರಿ ಕಾಯುತ್ತೇವೆ. ಬಸ್ಸಿಗೂ ಕಾಯುತ್ತೇವೆ, ಮಳೆಗೂ ಕಾಯುತ್ತೇವೆ. ರಕ್ಷಿಸುವುದಕ್ಕೂ ನಿರೀಕ್ಷಿಸುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಅಟ್ಟಣೆ ಹತ್ತಿ ರಾತ್ರಿಯಿಡೀ ಜೋಳದ ಹೊಲ ಕಾದ ರೈತನಿಗೆ ಈ ಎರಡರ ನಡುವೆ ವ್ಯತ್ಯಾಸವೇ ಇರಲಿಲ್ಲ. ಗೋಲ್‌ಕೀಪರಿಗೂ ಇಲ್ಲ. ಅವನು ಗೋಲು ಕಾಯುತ್ತಾನೆ, ಚೆಂಡಿಗೆ ಕಾಯುತ್ತಾನೆ. ಇವೆರಡಕ್ಕಿಂತ ದೀರ್ಘವಾದ ಮೂರನೆಯ ಕಾಯುವಿಕೆಯೊಂದಿದೆ. ಪ್ರೇಕ್ಷಕರ ಕಣ್ಣಿಗೆ ಅದು ಬೀಳುವುದು ಅಪರೂಪ: ಜಾಗಕ್ಕಾಗಿ ಕಾಯುವುದು.

ಲೆಕ್ಕ ಸರಳವಾದದ್ದು. ತಂಡದಲ್ಲಿ ನಾಲ್ವರು ಡಿಫೆಂಡರುಗಳಿರುತ್ತಾರೆ, ಮಿಡ್‌ಫೀಲ್ಡಿನಲ್ಲಿ ಮೂರು ನಾಲ್ಕು ಜನ, ಮುಂದೆ ಇಬ್ಬರು ಮೂವರು. ಒಬ್ಬ ದಣಿದರೆ ಇನ್ನೊಬ್ಬ ಇಳಿಯುತ್ತಾನೆ, ಎಡಗಡೆಯವನು ಬೇಕಾದರೆ ಬಲಗಡೆ ಆಡುತ್ತಾನೆ. ಗೋಲಿನಲ್ಲಿ ಮಾತ್ರ ಒಂದೇ ಜಾಗ. ತಂಡಕ್ಕೆ ಮೂವರು ಕೀಪರುಗಳಿದ್ದರೆ ಇಬ್ಬರು ಕುಳಿತಿರಲೇಬೇಕು. ಮೊದಲಿನವನಿಗೆ ಪೆಟ್ಟಾಗಬೇಕು, ಕೆಂಪು ಕಾರ್ಡ್ ಸಿಗಬೇಕು, ಇಲ್ಲವೇ ಅವನು ದೊಡ್ಡ ತಪ್ಪು ಮಾಡಬೇಕು. ಆಗಲೇ ಎರಡನೆಯವನಿಗೆ ಬಾಗಿಲು ತೆರೆಯುವುದು. ದಿನಾ ಜೊತೆಯಲ್ಲೇ ಅಭ್ಯಾಸ ಮಾಡುವ, ಒಬ್ಬರಿಗೊಬ್ಬರು ಚೆಂಡು ಎಸೆದುಕೊಡುವ ಇಬ್ಬರಲ್ಲಿ ಒಬ್ಬನ ಕೆಡುಕೇ ಇನ್ನೊಬ್ಬನ ಒಳಿತು. ಇದನ್ನು ನುಂಗಿಕೊಂಡು ಸ್ನೇಹವನ್ನೂ ಉಳಿಸಿಕೊಳ್ಳುವ ಈ ಮನುಷ್ಯರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಬೆಂಗಳೂರಿನವರಿಗೆ ಗುರ್‌ಪ್ರೀತ್ ಸಿಂಗ್ ಸಂಧು ಪರಿಚಿತರು. 2017ರಿಂದ ಬೆಂಗಳೂರು ಎಫ್‌ಸಿ ತಂಡದ ಗೋಲು ಕಾಯುತ್ತಿರುವ ಆರೂವರೆ ಅಡಿ ಎತ್ತರದ ಪಂಜಾಬಿ. 1992ರಲ್ಲಿ ಹುಟ್ಟಿದ ಅವರು ಆಟ ಕಲಿತದ್ದು ಚಂಡೀಗಢದ ಸೇಂಟ್ ಸ್ಟೀಫನ್ಸ್ ಅಕಾಡೆಮಿಯಲ್ಲಿ, ಹೆಸರು ಮಾಡಿದ್ದು ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ. 2014ರಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ಅವರು ಮಾಡಿದ ಆಯ್ಕೆ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ. ಸಾವಿರಾರು ಜನ ಹೆಸರು ಹಿಡಿದು ಕೂಗುವ ಕೋಲ್ಕತ್ತದ ಕ್ಲಬ್ಬನ್ನು ಬಿಟ್ಟು, ನಾರ್ವೆಯ ಓಸ್ಲೊ ಹತ್ತಿರದ ಸ್ಟಾಬೆಕ್ ಎಂಬ ಕ್ಲಬ್ಬಿಗೆ ಹೋದರು. ಅಲ್ಲಿ ಆಗಲೇ ಐವರಿ ಕೋಸ್ಟಿನ ಸಾಯುಬಾ ಮಾಂಡೆ ಗೋಲಿನಲ್ಲಿದ್ದರು. ಭಾರತದಲ್ಲಿ ಆಡಬಹುದಾಗಿದ್ದವರು ಅಲ್ಲಿ ಬೆಂಚಿನ ಮೇಲೆ ಕುಳಿತರು. ಲೀಗಿನಲ್ಲಿ ಗೋಲಿಗೆ ನಿಲ್ಲಲು 2016ರವರೆಗೆ ಕಾಯಬೇಕಾಯಿತು. ಅದೇ ವರ್ಷ ಬೇಸಿಗೆಯಲ್ಲಿ ವೇಲ್ಸ್‌ನ ಒಂದು ತಂಡದ ವಿರುದ್ಧ ಅವರು ಕಣಕ್ಕಿಳಿದಾಗ, ಯುರೋಪಾ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಎನ್ನಿಸಿಕೊಂಡರು. ಪತ್ರಿಕೆಗಳಲ್ಲಿ ಆ ‘ಮೊದಲ’ ದಪ್ಪಕ್ಷರದಲ್ಲಿ ಬಂತು. ಅದರ ಹಿಂದಿದ್ದ ಎರಡು ಚಳಿಗಾಲಗಳು ಯಾವ ಸುದ್ದಿಯಲ್ಲೂ ಬರಲಿಲ್ಲ.

ಹಾಗೆಂದು ಕಾದವರಿಗೆಲ್ಲ ಜಾಗ ಸಿಗುತ್ತದೆ ಎಂದೇನಿಲ್ಲ. ಇಂಗ್ಲೆಂಡಿನ ಸ್ಕಾಟ್ ಕಾರ್ಸನ್ ಅವರನ್ನು ನೋಡಿ. 2005ರ ಏಪ್ರಿಲ್‌ನಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಲಿವರ್‌ಪೂಲ್ ಪರವಾಗಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಯುವೆಂಟಸ್ ಎದುರು ಗೋಲು ಕಾದರು. ಆ ವರ್ಷ ಲಿವರ್‌ಪೂಲ್ ಕಪ್ ಗೆದ್ದಿತು. ಎರಡು ವರ್ಷಗಳ ನಂತರ, 2007ರ ನವೆಂಬರ್ 21ರ ಮಳೆಯ ರಾತ್ರಿ ವೆಂಬ್ಲಿಯಲ್ಲಿ ಕ್ರೊವೇಷ್ಯಾ ವಿರುದ್ಧ ಇಂಗ್ಲೆಂಡಿನ ಗೋಲಿನಲ್ಲಿ ನಿಂತರು. ಯುರೋ ಕಪ್‌ಗೆ ಅರ್ಹತೆ ಸಿಗಲು ಡ್ರಾ ಆದರೂ ಸಾಕಿತ್ತು. ಎಂಟನೇ ನಿಮಿಷದಲ್ಲಿ ಕ್ರಾಂಚಾರ್ ದೂರದಿಂದ ಹೊಡೆದ ಚೆಂಡು ಒದ್ದೆ ಹುಲ್ಲಿನ ಮೇಲೆ ಪುಟಿದು ಕಾರ್ಸನ್ ಕೈಗೆ ಬಡಿದು ಒಳಗೆ ಹೋಯಿತು. ಇಂಗ್ಲೆಂಡ್ 3-2ರಿಂದ ಸೋತು ಹೊರಬಿತ್ತು. ಉಳಿದೆರಡು ಗೋಲುಗಳು ಹೇಗಾದವು ಎಂದು ಈಗ ಯಾರನ್ನು ಕೇಳಿದರೂ ಥಟ್ಟನೆ ಹೇಳಲಾರರು. ಮೊದಲನೆಯದು ಎಲ್ಲರಿಗೂ ಗೊತ್ತು. ಆಗ ಕಾರ್ಸನ್‌ಗೆ ಇಪ್ಪತ್ತೆರಡು ವರ್ಷ.

ಮುಂದೆ ಊರೂರು ತಿರುಗಿ, ಟರ್ಕಿಯಲ್ಲೂ ಆಡಿ, 2019ರಲ್ಲಿ ಅವರು ಮ್ಯಾಂಚೆಸ್ಟರ್ ಸಿಟಿಗೆ ಮೂರನೇ ಕೀಪರ್ ಆಗಿ ಬಂದರು. 2025ರವರೆಗೆ ಅಲ್ಲೇ ಇದ್ದರು. ಆ ಆರು ವರ್ಷಗಳಲ್ಲಿ ಆಡಿದ ಪಂದ್ಯಗಳು ಎರಡು. ಒಂದರಲ್ಲಿ ಪೆನಾಲ್ಟಿಯನ್ನೂ ತಡೆದರು, ಮರಳಿ ಚಿಮ್ಮಿದ ಚೆಂಡು ಗೋಲಾಯಿತು. ಇನ್ನೊಂದು 2022ರಲ್ಲಿ ಸ್ಪೋರ್ಟಿಂಗ್ ಲಿಸ್ಬನ್ ವಿರುದ್ಧ, ಅದೂ ಪಂದ್ಯದ ಕೊನೆಯ ಭಾಗದಲ್ಲಿ ಬದಲಿಯಾಗಿ. ಯುವೆಂಟಸ್ ಪಂದ್ಯವಾಗಿ ಸುಮಾರು ಹದಿನೇಳು ವರ್ಷಗಳಾದ ಮೇಲೆ ಅವರು ಮತ್ತೆ ಚಾಂಪಿಯನ್ಸ್ ಲೀಗ್‌ನ ಹುಲ್ಲು ತುಳಿದದ್ದು ಆ ಸಂಜೆ. 2023ರಲ್ಲಿ ಸಿಟಿ ಆ ಕಪ್ ಗೆದ್ದಾಗ ಅವರ ಕೊರಳಿಗೂ ಪದಕ ಬಿತ್ತು.

ಆಡದವನಿಗೆ ಪದಕವೇಕೆ ಎಂದು ಕೇಳುವವರಿದ್ದಾರೆ. ಅಭ್ಯಾಸದ ಅಂಗಳದಲ್ಲಿ ಅರ್ಧ ದಿನ ನಿಂತು ನೋಡಿದರೆ ಆ ಪ್ರಶ್ನೆ ಹುಟ್ಟುವುದಿಲ್ಲ. ಹಾಲಂಡ್‌ನಂಥ, ಡಿ ಬ್ರೂಯ್ನೆಯಂಥ ಆಟಗಾರರು ಶನಿವಾರ ಗೋಲು ಹೊಡೆಯಬೇಕಾದರೆ ವಾರವಿಡೀ ಯಾರಾದರೂ ಅವರ ಹೊಡೆತಗಳಿಗೆ ಎದುರು ನಿಲ್ಲಬೇಕು. ಸುಮ್ಮನೆ ನಿಂತರೆ ಸಾಲದು, ಪಂದ್ಯದಲ್ಲಿ ನಿಂತಷ್ಟೇ ಮನಸ್ಸಿಟ್ಟು ಹಾರಬೇಕು. ತನಗೆ ಪಂದ್ಯ ಇಲ್ಲವೆಂದು ಗೊತ್ತಿದ್ದೂ ಹಾಗೆ ಹಾರುವುದಿದೆಯಲ್ಲ, ಈ ಕಸುಬಿನ ತಿರುಳು ಅದು.

ಕಾಯುವುದು ಎಷ್ಟು ಕಷ್ಟದ ಕೆಲಸ ಎಂದು ತೋರಿಸುವ ಒಂದು ಅಧ್ಯಯನವಿದೆ. ಇಸ್ರೇಲಿನ ಸಂಶೋಧಕರು ದೊಡ್ಡ ದೊಡ್ಡ ಲೀಗ್‌ಗಳ 286 ಪೆನಾಲ್ಟಿಗಳನ್ನು ಕೂಲಂಕಷವಾಗಿ ನೋಡಿ 2007ರಲ್ಲಿ ಪ್ರಕಟಿಸಿದ್ದು. ಪೆನಾಲ್ಟಿ ಎಂದರೆ 11 ಮೀಟರ್ ದೂರ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗಂಟೆಗೆ ನೂರು ಕಿಲೋಮೀಟರ್ ವೇಗದ ಹೊಡೆತವಾದರೆ ಗೆರೆ ಮುಟ್ಟಲು ಚೆಂಡಿಗೆ ಬೇಕಾದದ್ದು ಸುಮಾರು 0.4 ಸೆಕೆಂಡ್. ಕಂಡು, ತೀರ್ಮಾನಿಸಿ, ಮೂಲೆಗೆ ಹಾರಲು ಅದು ಸಾಲದು. ಹಾಗಾಗಿ ಕೀಪರ್ ಚೆಂಡು ಹೊರಡುವ ಮುಂಚೆಯೇ ಹೊಡೆಯುವವನ ಸೊಂಟ ಯಾವ ಕಡೆ ತಿರುಗಿತು, ಊರಿದ ಪಾದ ಎತ್ತ ಮುಖ ಮಾಡಿತು ಎಂದು ಓದಿಕೊಂಡು ಒಂದು ಕಡೆಗೆ ಹಾರಿಬಿಡುತ್ತಾನೆ. ಆ ಅಧ್ಯಯನದಲ್ಲಿ ನೂರಕ್ಕೆ ತೊಂಬತ್ತಮೂರಕ್ಕೂ ಹೆಚ್ಚು ಸಲ ಕೀಪರುಗಳು ಎಡಕ್ಕೋ ಬಲಕ್ಕೋ ಹಾರಿದ್ದರು. ಆದರೆ ಆ ಪೆನಾಲ್ಟಿಗಳಲ್ಲಿ ಸುಮಾರು ನೂರಕ್ಕೆ ಇಪ್ಪತ್ತೊಂಬತ್ತು ಚೆಂಡುಗಳು ಬಂದದ್ದು ನಡುವಿಗೆ. ನಡುವೆಯೇ ನಿಂತವರು ಮೂರರಲ್ಲೊಂದನ್ನು ತಡೆದಿದ್ದರು. ಹಾರಿದವರು ತಡೆದದ್ದು ಏಳೆಂಟರಲ್ಲಿ ಒಂದನ್ನು ಮಾತ್ರ. ನಿಂತರೆ ಲಾಭ ಎಂದು ಅಂಕಿ ಹೇಳುತ್ತದೆ. ಆದರೂ ನಿಲ್ಲಲಾಗುವುದಿಲ್ಲ. ಹಾರಿ ತಪ್ಪಿದರೆ ‘ಪಾಪ, ಪ್ರಯತ್ನ ಪಟ್ಟ’ ಎನ್ನುತ್ತಾರೆ. ನಿಂತಲ್ಲೇ ನಿಂತು ಚೆಂಡು ಪಕ್ಕದಿಂದ ಹೋದರೆ ‘ಕಂಬದ ಹಾಗೆ ನಿಂತಿದ್ದ’ ಎನ್ನುತ್ತಾರೆ. ಆ ಮಾತಿನ ಭಯವೇ ಅವನನ್ನು ಹಾರಿಸುತ್ತದೆ ಎಂಬುದು ಆ ಸಂಶೋಧಕರ ವಿವರಣೆ.

ನಿಯಮಗಳೂ ಕೀಪರಿನ ಕೈಯಿಂದ ಸಮಯವನ್ನು ಕಸಿದುಕೊಳ್ಳುತ್ತಲೇ ಬಂದಿವೆ. 1912ರವರೆಗೆ ತನ್ನ ಅರ್ಧ ಅಂಗಳದಲ್ಲಿ ಎಲ್ಲಿ ಬೇಕಾದರೂ ಅವನು ಚೆಂಡನ್ನು ಕೈಯಲ್ಲಿ ಮುಟ್ಟಬಹುದಿತ್ತು. ಆಮೇಲೆ ಪೆನಾಲ್ಟಿ ಆವರಣಕ್ಕೆ ಸೀಮಿತವಾಯಿತು. 1992ರಿಂದ ತನ್ನವರು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಇಪ್ಪತ್ತು ವರ್ಷ ಕೈ ಪಳಗಿಸಿಕೊಂಡವರು ರಾತ್ರೋರಾತ್ರಿ ಕಾಲಿನ ಆಟ ಕಲಿಯಬೇಕಾಯಿತು. 2025ರಿಂದ ಚೆಂಡು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಉಳಿದರೆ ಎದುರಾಳಿಗೆ ಕಾರ್ನರ್ ಕಿಕ್.

2023ರಲ್ಲಿ ಕಂಠೀರವ ಕ್ರೀಡಾಂಗಣ ಗುರ್‌ಪ್ರೀತ್ ಅವರ ಎರಡು ದೊಡ್ಡ ರಾತ್ರಿಗಳನ್ನು ಕಂಡಿತು. ಮಾರ್ಚ್ 12ರಂದು ಐಎಸ್‌ಎಲ್ ಸೆಮಿಫೈನಲ್‌ನ ಎರಡನೇ ಹಂತದಲ್ಲಿ ಮುಂಬೈ ಸಿಟಿ ವಿರುದ್ಧ ಶೂಟೌಟ್ 9-8ರವರೆಗೆ ಎಳೆಯಿತು. ಮುಂಬೈನ ಕೊನೆಯ ಹೊಡೆತವನ್ನು ತಡೆದದ್ದು ಅವರು. ಜುಲೈ 4ರಂದು ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್. ಕುವೈತ್ ಮೊದಲು ಗೋಲು ಹೊಡೆಯಿತು, ಭಾರತದ ಚಾಂಗ್ಟೆ ಸಮ ಮಾಡಿದರು, ಹೆಚ್ಚುವರಿ ಸಮಯವೂ ಮುಗಿದು ಪಂದ್ಯ ಪೆನಾಲ್ಟಿಗೆ ಹೋಯಿತು. ಐದೈದು ಹೊಡೆತಗಳ ನಂತರವೂ ಸಮ. ಆರನೆಯದನ್ನು ಮಹೇಶ್ ಸಿಂಗ್ ಗೋಲಾಗಿಸಿದರು. ಕುವೈತ್ ನಾಯಕ ಖಾಲಿದ್ ಹಾಜಿಯಾ ಚೆಂಡಿಟ್ಟು ಹಿಂದೆ ಸರಿದಾಗ ತುಂಬಿದ ಕ್ರೀಡಾಂಗಣದಲ್ಲಿ ಕೂಗು ಏರುತ್ತಲೇ ಹೋಯಿತು. ಗುರ್‌ಪ್ರೀತ್ ತಮ್ಮ ಎಡಕ್ಕೆ ಹಾರಿ ಚೆಂಡನ್ನು ತಳ್ಳಿಹಾಕಿದರು. ಕಂಠೀರವದಲ್ಲಿ ಓಟದ ಟ್ರ್ಯಾಕ್ ಅಂಗಳವನ್ನು ಸುತ್ತುವರಿದಿರುವುದರಿಂದ ಗ್ಯಾಲರಿಯಿಂದ ಗೋಲು ದೂರ. ಅಷ್ಟು ದೂರದಿಂದ ಕಾಣುವುದು ಒಂದು ಉದ್ದನೆಯ ದೇಹ ನೆಲಕ್ಕೆ ಅಡ್ಡವಾದದ್ದಷ್ಟೆ. ಚೆಂಡು ಎಲ್ಲಿ ಹೋಯಿತೆಂದು ತಿಳಿಯುವುದು ಆಟಗಾರರು ಓಡತೊಡಗಿದ ಮೇಲೆ.

ಅದೇ ಕಂಠೀರವಕ್ಕೆ ಇನ್ನೊಬ್ಬ ಗೋಲ್‌ಕೀಪರಿನ ಬದುಕಿನ ಅತ್ಯಂತ ಕರಾಳ ದಿನವೂ ಗೊತ್ತು. 2004ರ ಡಿಸೆಂಬರ್ 5, ಫೆಡರೇಷನ್ ಕಪ್ ಫೈನಲ್, ಮೋಹನ್ ಬಾಗಾನ್ ಮತ್ತು ಗೋವಾದ ಡೆಂಪೊ. ಡೆಂಪೊದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತಮ್ಮ ಎರಡನೇ ಗೋಲು ಹೊಡೆಯುವಾಗ, ಮುಂದೆ ನುಗ್ಗಿ ಬಂದ ಕೀಪರ್ ಸುಬ್ರತಾ ಪಾಲ್ ಅವರಿಗೆ ಡಿಕ್ಕಿಯಾಗಿ ಕುಸಿದರು, ಮತ್ತೆ ಏಳಲಿಲ್ಲ. ಸುಬ್ರತಾಗೆ ಆಗಿನ್ನೂ ಹದಿನೆಂಟು ತುಂಬಿರಲಿಲ್ಲ. ಒಂದು ಸಾವಿನ ಭಾರ, ದೇಶದ ತುಂಬ ಟೀಕೆ, ಎರಡು ತಿಂಗಳ ಅಮಾನತು ಎಲ್ಲ ಒಟ್ಟಿಗೆ ಬಂದವು. ಮುಂದೆ ನುಗ್ಗಿ ಬರುವುದು ಗೋಲ್‌ಕೀಪರಿಗೆ ಮೊದಲು ಹೇಳಿಕೊಡುವ ಪಾಠ. ಕೋನ ಕಿರಿದಾಗಬೇಕಾದರೆ ಅವನು ಗೆರೆ ಬಿಟ್ಟು ಹೊರಡಲೇಬೇಕು, ಕಾಲುಗಳ ಮೇಲೆ ಮೈ ಒಡ್ಡಲೇಬೇಕು. ಅಂಥದ್ದಾದ ಮೇಲೆ ಆ ಹುಡುಗ ಇನ್ನೊಂದು ಸಲ ಗೆರೆ ಬಿಟ್ಟು ಹೊರಟದ್ದು ಹೇಗೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹೊರಟರು. 2011ರಲ್ಲಿ ದೋಹಾದಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಭಾರತದ ಗೋಲಿನಲ್ಲಿ ಇದ್ದವರು ಅವರೇ. ಆಸ್ಟ್ರೇಲಿಯಾ, ಬಹ್ರೇನ್, ದಕ್ಷಿಣ ಕೊರಿಯಾ ಎದುರಿನ ಮೂರು ಪಂದ್ಯಗಳಲ್ಲಿ ಭಾರತ 13 ಗೋಲು ಬಿಟ್ಟುಕೊಟ್ಟಿತು. ಆದರೂ ಟೂರ್ನಿ ಮುಗಿದಾಗ ಎಲ್ಲರ ಬಾಯಲ್ಲಿದ್ದ ಹೆಸರು ಸುಬ್ರತಾ. ಆ ಪಂದ್ಯಗಳನ್ನು ನೋಡಿದವರಿಗೆ ಗೊತ್ತು, ಅವರಿಲ್ಲದಿದ್ದರೆ ಆ ಸಂಖ್ಯೆ ಎಲ್ಲಿಗೆ ಮುಟ್ಟುತ್ತಿತ್ತೋ! ತಡೆದ ಚೆಂಡುಗಳಿಗೆ ಫಲಿತಾಂಶದ ಪಟ್ಟಿಯಲ್ಲಿ ಜಾಗವಿಲ್ಲ, ಒಳಗೆ ಹೋದವುಗಳಿಗೆ ಮಾತ್ರ ಇದೆ. 2016ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು.

ದೋಹಾ ಗುರ್‌ಪ್ರೀತ್ ಅವರನ್ನೂ ಎರಡು ಸಲ ಪರೀಕ್ಷಿಸಿತು. 2019ರ ಸೆಪ್ಟೆಂಬರ್ 10ರಂದು ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಎದುರಿದ್ದದ್ದು ಏಷ್ಯಾ ಚಾಂಪಿಯನ್ ಕತಾರ್. ಸುನಿಲ್ ಚೆಟ್ರಿಗೆ ಅನಾರೋಗ್ಯ, ನಾಯಕನ ಪಟ್ಟಿ ಗುರ್‌ಪ್ರೀತ್ ತೋಳಿಗೆ ಬಂತು. ಐದು ದಿನ ಮುಂಚೆ ಗುವಾಹಟಿಯಲ್ಲಿ ಒಮಾನ್ ವಿರುದ್ಧ ಮುಂದಿದ್ದೂ ಕೊನೆಯಲ್ಲಿ ಎರಡು ಗೋಲು ಬಿಟ್ಟು ಸೋತ ತಂಡವದು. ಕತಾರ್ ಎರಡು ಡಜನ್‌ಗೂ ಹೆಚ್ಚು ಸಲ ಗೋಲಿಗೆ ಗುರಿಯಿಟ್ಟಿತು. ಪಂದ್ಯ 0-0. ಭಾರತದ ಫುಟ್‌ಬಾಲ್‌ನಲ್ಲಿ ಒಬ್ಬ ಗೋಲ್‌ಕೀಪರ್ ಆಡಿದ ಶ್ರೇಷ್ಠ ಆಟಗಳಲ್ಲಿ ಇದನ್ನು ಎಣಿಸಲು ನನಗೆ ಯಾವ ಅಳುಕೂ ಇಲ್ಲ.

ಐದು ವರ್ಷಗಳ ನಂತರ, 2024ರ ಜೂನ್ 11ರಂದು, ಅದೇ ಊರು, ಅದೇ ಎದುರಾಳಿ. ಚೆಟ್ರಿ ಐದು ದಿನದ ಹಿಂದಷ್ಟೇ ವಿದಾಯ ಹೇಳಿದ್ದರು, ನಾಯಕ ಮತ್ತೆ ಗುರ್‌ಪ್ರೀತ್. ಚಾಂಗ್ಟೆ ಗೋಲಿನಿಂದ ಭಾರತ ಮುಂದಿತ್ತು, ಅರ್ಹತಾ ಟೂರ್ನಿಯ ಮುಂದಿನ ಸುತ್ತು ಕೈಗೆಟುಕುವಷ್ಟು ಹತ್ತಿರ ಬಂದಿತ್ತು. 73ನೇ ನಿಮಿಷದಲ್ಲಿ ಕತಾರ್ ಆಟಗಾರನ ಹೆಡರನ್ನು ಗುರ್‌ಪ್ರೀತ್ ತಡೆದರು. ಚೆಂಡು ಕಂಬದ ಪಕ್ಕದಿಂದ ಗೆರೆ ದಾಟಿತು. ದಾಟಿದ್ದನ್ನು ಟೀವಿಯಲ್ಲಿ ಎಲ್ಲರೂ ಕಂಡರು. ಭಾರತದವರು ಆಟ ನಿಲ್ಲಿಸಿದರು. ಕತಾರ್ ಆಟಗಾರ ಹೊರಗಿನಿಂದ ಚೆಂಡನ್ನು ಕಾಲಲ್ಲಿ ಒಳಕ್ಕೆಳೆದ, ಇನ್ನೊಬ್ಬ ಅದನ್ನು ಗೋಲು ಪೆಟ್ಟಿಗೆಗೆ ಸೇರಿಸಿದ. ಬಾರದ ಶಿಳ್ಳೆಗೆ ಕಾಯುತ್ತ ನೆಲದ ಮೇಲಿದ್ದ ಕೀಪರ್ ಎದ್ದು ರೆಫರಿ ಕಡೆ ಓಡಿದರು. ಪಂದ್ಯಕ್ಕೆ ವೀಡಿಯೊ ರೆಫರಿ ಇರಲಿಲ್ಲ. ಗೋಲು ಗೋಲಾಗಿಯೇ ಉಳಿಯಿತು, ಭಾರತ 2-1ರಿಂದ ಸೋತಿತು. ಆ ಅನ್ಯಾಯ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಾದ ಮೇಲೆ ಭಾರತ ತಂಡದ ಗೋಲಿಗೆ ವಿಶಾಲ್ ಕೈತ್ ಮುಂದೆ ಬಂದರು, ಗುರ್‌ಪ್ರೀತ್ ಹಿಂದೆ ಸರಿದರು. ಮೂವತ್ತು ದಾಟಿದ ಕೀಪರನ್ನು ಬಿಟ್ಟರೆ ಕತೆ ಮುಗಿಯಿತು ಎಂದುಕೊಳ್ಳುವುದು ನಮ್ಮ ರೂಢಿ. ಆದರೆ ಈ ಕಸುಬಿನ ಗಡಿಯಾರ ಬೇರೆ. ಓಟದ ವೇಗಕ್ಕಿಂತ ನಿಲ್ಲುವ ಜಾಗದ ಅರಿವು ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ, ಅದು ಬರುವುದು ವರ್ಷಗಳಿಂದ. ಇಟಲಿಯ ದಿನೊ ಜಾಫ್ ನಾಯಕನಾಗಿ ವಿಶ್ವಕಪ್ ಎತ್ತಿದಾಗ ನಲವತ್ತು ವರ್ಷ. ಈಜಿಪ್ಟಿನ ಎಸ್ಸಾಂ ಅಲ್ ಹದರಿ 2018ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾದ ಪೆನಾಲ್ಟಿ ತಡೆದಾಗ ನಲವತ್ತೈದು. ಗುರ್‌ಪ್ರೀತ್ 2025ರಲ್ಲಿ ಕೋಚ್ ಖಾಲಿದ್ ಜಮೀಲ್ ಕರೆದಾಗ ಮರಳಿದರು. ಸೆಪ್ಟೆಂಬರ್ 8ರಂದು ತಜಿಕಿಸ್ತಾನದ ಹಿಸೊರ್‌ನಲ್ಲಿ, ಕಾಫಾ ನೇಷನ್ಸ್ ಕಪ್‌ನ ಮೂರನೇ ಸ್ಥಾನದ ಪಂದ್ಯ ಒಮಾನ್ ವಿರುದ್ಧ ಶೂಟೌಟ್‌ಗೆ ಹೋಯಿತು. ಕೊನೆಯ ಹೊಡೆತವನ್ನು ತಡೆದದ್ದು ಅವರು.

ನಮ್ಮೂರಿನ ಹಳೆಯ ಕೀಪರೊಬ್ಬರ ಹೆಸರನ್ನು ಇಲ್ಲಿ ಹೇಳದೆ ಹೋಗಲಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಹೆಚ್ಚಿನವರು ಬರಿಗಾಲಲ್ಲಿ ಆಡಿದ ಭಾರತ ತಂಡ ಫ್ರಾನ್ಸ್ ಎದುರು ಕೊನೆಯ ನಿಮಿಷಗಳಲ್ಲಿ ಗೋಲು ಬಿಟ್ಟು 2-1ರಿಂದ ಸೋತ ಪಂದ್ಯವನ್ನು ಫುಟ್‌ಬಾಲ್ ಪ್ರಿಯರು ಬಲ್ಲರು. ಆ ಒಂದು ಗೋಲು ಹೊಡೆದ ಬೆಂಗಳೂರಿನ ಸಾರಂಗಪಾಣಿ ರಾಮನ್ ಹೆಸರನ್ನೂ ಕೆಲವರು ಬಲ್ಲರು. ಆ ದಿನ ಗೋಲು ಕಾದವರು ಮೈಸೂರು ತಂಡದ ಕೆ.ವಿ. ವರದರಾಜ್. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅವರಿದ್ದರು. ದಂಡು ಪ್ರದೇಶದ ಮೈದಾನಗಳಲ್ಲಿ ಹಿರಿಯರನ್ನು ಮಾತಿಗೆಳೆದರೆ ಗೋಲು ಹೊಡೆದವರ ಹೆಸರು ಸರಸರನೆ ಬರುತ್ತವೆ. ವರದರಾಜ್ ಹೆಸರನ್ನು ನಾವೇ ನೆನಪಿಸಬೇಕಾಗುತ್ತದೆ.

ಕಂಠೀರವದಲ್ಲಿ ಮುಂದಿನ ಸಲ ಪಂದ್ಯ ನೋಡಲು ಹೋದರೆ ಅರ್ಧ ಸಮಯದಲ್ಲಿ ಚಹಾಕ್ಕೆ ಏಳಬೇಡಿ. ಆಟಗಾರರು ಒಳಗೆ ಹೋದ ಮೇಲೆ ಬದಲಿ ಆಟಗಾರರು ಅಂಗಳಕ್ಕೆ ಇಳಿಯುತ್ತಾರೆ. ಅವರಲ್ಲಿ ಗ್ಲೌಸು ತೊಟ್ಟ ಒಬ್ಬ ನೇರ ಗೋಲಿಗೆ ನಡೆಯುತ್ತಾನೆ. ಎಡಗಂಬವನ್ನೊಮ್ಮೆ ಮುಟ್ಟಿ, ಬಲಗಂಬವನ್ನೊಮ್ಮೆ ಮುಟ್ಟಿ, ನಡುವೆ ಬಂದು ಮೊಣಕಾಲು ಬಗ್ಗಿಸಿ ನಿಲ್ಲುತ್ತಾನೆ. ಇಬ್ಬರು ಮೂವರು ಸರದಿಯಂತೆ ಹೊಡೆಯುತ್ತಾರೆ, ಅವನು ಹಾರುತ್ತಾನೆ, ಹಿಡಿಯುತ್ತಾನೆ, ಒಂದೆರಡು ಬಿಡುತ್ತಾನೆ, ಬಲೆಯಿಂದ ಎತ್ತಿ ತರುತ್ತಾನೆ. ಗ್ಯಾಲರಿಯಲ್ಲಿ ಯಾರೂ ಆ ಕಡೆ ನೋಡುತ್ತಿರುವುದಿಲ್ಲ. ಹನ್ನೊಂದು ಜನ ಮರಳಿ ಬರುವುದು ಕಂಡಾಗ ಚೆಂಡುಗಳನ್ನು ಚೀಲಕ್ಕೆ ತುಂಬಿಸಿ, ಗೋಲಿಗೆ ಬರುತ್ತಿರುವವನ ಅಂಗೈಗೆ ಅಂಗೈ ತಟ್ಟಿ, ಬೆಂಚಿನ ಕಡೆ ನಡೆಯುತ್ತಾನೆ. ಕುಳಿತ ಮೇಲೂ ಗ್ಲೌಸು ಬಿಚ್ಚುವುದಿಲ್ಲ.